ರೈತಮಕ್ಕಳ ಮಹಾಸಭೆಗೆ

ಅಮೇರಿಕಾ ದೇಶಕ್ಕೆ ಹೋಗಿಬಂದವರು ಬರೆದ ಪ್ರವಾಸಕಥನಗಳು ನಮ್ಮ ಭಾಷೆಯಲ್ಲಿ ಈಗ ಬೇಕಾದಷ್ಟಿವೆ. ನ್ಯೂಯಾರ್ಕ್ ನಗರದ ಮುಗಿಲು ಮುಟ್ಟುವ ಮನೆಗಳು, ನಯಾಗರಾ ಜಲಪಾತ, ಮಕ್ಕಳ ಮನೆಯ ಹಿತ್ತಿಲಲ್ಲಿ ಬೆಳೆದ ಮೆಂತ್ಯದ ಸೊಪ್ಪು ಇವನ್ನೆಲ್ಲ ವಾಚಕರು ಓದಿ ಬಲ್ಲರು. ನಾವು ಬರೆಯಹೊರಟಿರುವುದು ಅಂತಹ ಪ್ರಸಿದ್ಧ ಸ್ಥಳಗಳ ವರ್ಣನೆಯಲ್ಲ. ಆ ದೇಶದ ಉತ್ತರಭಾಗದಲ್ಲಿ ವಿಸ್ಕಾನ್ಸಿನ್ ಎಂಬ ಸಂಸ್ಥಾನವೊಂದುಂಟು. ಹಾಲು, ಬೆಣ್ಣೆ, ಚೀಸುಗಳಿಗೆ ಹೆಸರಾದುದು. 2023ನೆಯ ಇಸವಿಯ ಜೂನ್ ತಿಂಗಳಲ್ಲಿ ಅದರ ರಾಜಧಾನಿಯಾದ ಮ್ಯಾಡಿಸನ್ ಪಟ್ಟಣದಲ್ಲಿ ಶಾಲೆಯ ಹುಡುಗ ಹುಡುಗಿಯರಾದ ರೈತಮಕ್ಕಳ ಮಹಾಸಭೆ ನೆರೆದಿತ್ತು. ಆ ಪಟ್ಟಣಕ್ಕೆ ನಾವು ಹೋದುದು ಹತ್ತೊಂಬತ್ತು ವರ್ಷದ ಒಬ್ಬ ಹುಡುಗಿಯ ಮೋಟಾರಿನಲ್ಲಿ. ಅವಳು ಆ ಸಂಘದ ಸಂಸ್ಥಾನಮಟ್ಟದ ಅಧಿಕಾರಿಗಳಲ್ಲೊಬ್ಬಳು. ಕಂಡುದನ್ನೂ ಕೇಳಿದುದನ್ನೂ ಇದ್ದಂತೆಯೇ ಬರೆದಿಡುವೆವು.

ಮೊದಲು ಈ ಸಂಘದ ವಿಚಾರವನ್ನು ಎರಡು ಮಾತಿನಲ್ಲಿ ಹೇಳಿಬಿಡಬೇಕು. ಅಲ್ಲಿನ ಎಷ್ಟೋ ಹೈಸ್ಕೂಲುಗಳಲ್ಲಿ ಗಣಿತ ಚರಿತ್ರೆಗಳಂತೆ ಬೇಸಾಯವೂ ಒಂದು ಪಾಠ. 1917ರಲ್ಲಿ ಕೇಂದ್ರಸರ್ಕಾರವು ಸ್ಮಿತ್ ಹ್ಯೂಸ್ ಶಾಸನವೆಂಬುದನ್ನು ಮಾಡಿ, ಈ ಪಾಠಕ್ಕೆ ಉಪಾಧ್ಯಾಯರನ್ನು ನೇಮಿಸಲು ಹಣ ಕೊಡತೊಡಗಿತು. ಪಾಠ ಕೇಳುವ ವಿದ್ಯಾರ್ಥಿಯು ಮನೆಯಲ್ಲಿ ತನ್ನದೇ ಆದ ಒಂದು ಕರುವನ್ನೋ ಒಂದು ತುಂಡು ಹೊಲವನ್ನೋ ನೋಡಿಕೊಂಡು, ಅದರ ಜಮಾಖರ್ಚನ್ನು ಬರೆದು ಉಪಾಧ್ಯಾಯರಿಗೆ ತೋರಿಸತಕ್ಕದ್ದು. ಹೀಗೆ ಕಲಿತ ಹುಡುಗರು 1928ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಕಲೆತು ಒಂದು ಸಂಘ ಕಟ್ಟಿದರು. ಅಂದು ಬಂದಿದ್ದವರು 18 ಸಂಸ್ಥಾನಗಳ 33 ಪ್ರತಿನಿಧಿಗಳು. ಹೆಸರು 'ಫ್ಯೂಚರ್ ಫಾರ್ಮರ್ಸ್ ಆಫ್ ಅಮೇರಿಕಾ', ಎಂದರೆ ಅಮೇರಿಕಾದ ಭಾವೀ ರೈತರು. ಸದಸ್ಯರಲ್ಲಿ ಪಶುವೈದ್ಯರೂ ವಿಜ್ಞಾನಿಗಳೂ ವರ್ತಕರೂ ಆಗತಕ್ಕವರು ಹೆಚ್ಚಿದುದರಿಂದ 1988ರಲ್ಲಿ ಆ ಹೆಸರನ್ನು ಬಿಟ್ಟು ಎಫ್.ಎಫ್.ಎ. ಎಂಬ ಮೂರಕ್ಷರವನ್ನು ಮಾತ್ರ ಉಳಿಸಿಕೊಂಡರು. 2024ರಲ್ಲಿ ಸದಸ್ಯರ ಸಂಖ್ಯೆ ಹತ್ತು ಲಕ್ಷವನ್ನು ದಾಟಿತು. ಪ್ರತಿಯೊಂದು ಸಂಸ್ಥಾನದಲ್ಲಿಯೂ ಹೈಸ್ಕೂಲು ಮುಗಿಸಿದ, ಇಲ್ಲವೆ ಮುಗಿಸುತ್ತಿರುವ ಕೆಲವರನ್ನು ಒಂದು ವರ್ಷದ ಮಟ್ಟಿಗೆ ಅಧಿಕಾರಿಗಳನ್ನಾಗಿ ಆರಿಸುವರು. ಇವರು ವರ್ಷವೆಲ್ಲ ಶಾಲೆಯಿಂದ ಶಾಲೆಗೆ ತಿರುಗಿ, ಕಿರಿಯರಿಗೆ ಧೈರ್ಯ ಹೇಳಿ, ಕೊನೆಗೆ ಮಹಾಸಭೆಯಲ್ಲಿ ಬೀಳ್ಕೊಡುಗೆಯ ಭಾಷಣ ಮಾಡಿ, ಅಧಿಕಾರವನ್ನು ಮುಂದಿನವರಿಗೆ ಒಪ್ಪಿಸಬೇಕು.

ನಮ್ಮ ಮಗಳೂ ಅಳಿಯಂದಿರೂ ಮಿಸ್ಸಿಸ್ಸಿಪ್ಪಿ ನದಿಯ ದಡದ ಲಾ ಕ್ರಾಸ್ ಪಟ್ಟಣದ ಆಚೆ, ಕೂನ್ ವ್ಯಾಲಿ ಎಂಬ ಹಳ್ಳಿಯ ಮಗ್ಗುಲಲ್ಲಿ ವಾಸವಾಗಿರುವರು. ಪಕ್ಕದ ಹೊಲಮನೆ ಈ ಹುಡುಗಿಯದು. ಮೊಮ್ಮಕ್ಕಳ ಬಾಯಿಂದ ಕೇಳಿ ಅವಳೂ ನಮ್ಮನ್ನು 'ತಾತ' ಎಂದೂ, ನಮ್ಮ ಮನೆಯವರನ್ನು 'ಅಜ್ಜಿ' ಎಂದೂ ಕರೆಯುತ್ತಿದ್ದಳು. ತಕಾರವು ಅವಳ ನಾಲಗೆಯಲ್ಲಿ ಟಕಾರಕ್ಕೆ ಜಾರುತ್ತಿತ್ತು. ಅಧಿಕಾರಿಗಳು ಸಭೆಗೆ ಕೆಲವು ದಿನ ಮುಂಚೆಯೇ ಸೇರಿ ಅಭ್ಯಾಸ ಮಾಡಬೇಕಾಗಿದ್ದುದರಿಂದ ಅವಳು ಮೊದಲೇ ಹೊರಟಳು. ಮ್ಯಾಡಿಸನ್ನಿನಲ್ಲಿ ನಮ್ಮ ತಮ್ಮನ ಮಗನ ಮನೆ ಇತ್ತು. "ತಾತ, ಮೋಟಾರಿನಲ್ಲಿ ಎರಡು ಸ್ಥಳ ಖಾಲಿ ಇವೆ" ಎಂದಳು, ಹೊರಟೆವು.

ಅವಳ ಮನೆಯಲ್ಲಿ ಆ ವರ್ಷ ಒಂದು ದೊಡ್ಡ ಸಂಗತಿ ನಡೆದುಹೋಗಿತ್ತು. ಅವಳ ತಂದೆ ಮಾರ್ಚಿ ತಿಂಗಳಲ್ಲಿ ತಮ್ಮ ಐವತ್ತೆರಡು ಕರೆಯುವ ಹಸುಗಳನ್ನೂ ಹರಾಜು ಹಾಕಿಬಿಟ್ಟಿದ್ದರು. ಮೂರು ತಲೆಮಾರಿನ ಮಂದೆ ಅದು. ಅವರೊಬ್ಬರ ಕಥೆ ಮಾತ್ರವಲ್ಲ. 2004ರಲ್ಲಿ ಈ ಸಂಸ್ಥಾನದಲ್ಲಿ 15,000ಕ್ಕಿಂತ ಹೆಚ್ಚು ಹಾಲಿನ ಮಂದೆಗಳಿದ್ದುವು. 2023ರಲ್ಲಿ 6,000ಕ್ಕೂ ಕಡಮೆ ಉಳಿದುವು. ಹಸುಗಳು ಕಡಮೆಯಾದುವೋ ಎಂದರೆ ಅದೂ ಇಲ್ಲ. ಹನ್ನೆರಡು ಲಕ್ಷಕ್ಕೂ ಮೇಲ್ಪಟ್ಟ ಹಸುಗಳು ಆಗಲೂ ಇದ್ದುವು, ಹಾಲು ಮೊದಲಿಗಿಂತ ಹೆಚ್ಚೇ ಆಗಿತ್ತು. ಸಣ್ಣ ಕೊಟ್ಟಿಗೆಗಳು ಬರಿದಾಗಿ ಸಾವಿರಾರು ಹಸುಗಳ ದೊಡ್ಡ ಕೊಟ್ಟಿಗೆಗಳು ಎದ್ದುವು, ಅಷ್ಟೇ. ಬೆಲೆಯಾದರೂ ರೈತನ ಕೈಯಲ್ಲಿಲ್ಲ. ಚೀಸು ಮಾಡುವ ಹಾಲಿಗೆ 2022ರ ಮೇ ತಿಂಗಳಲ್ಲಿ ನೂರು ಪೌಂಡಿಗೆ 25 ಡಾಲರು ಇದ್ದುದು, 2023ರ ಜೂನಿನಲ್ಲಿ 15 ಡಾಲರಿಗೂ ಕೆಳಗೆ ಇಳಿದಿತ್ತು. ಮೇವಿನ ಬೆಲೆ ಹಾಗೆ ಇಳಿಯುವುದಿಲ್ಲವಷ್ಟೆ.

ನಮ್ಮಲ್ಲಿ ಗೌರಿ, ಕೆಂಪಿ, ಕಾಳಿ ಎಂದು ಕರೆಯುವಂತೆ ಅವರಲ್ಲಿಯೂ ಒಂದೊಂದು ಹಸುವಿಗೆ ಒಂದೊಂದು ಹೆಸರು. ಹರಾಜಿನವನು ಆ ಹೆಸರುಗಳನ್ನು ಕೂಗಲಿಲ್ಲ, ಕಿವಿಯ ಬಿಲ್ಲೆಯ ಅಂಕೆಯನ್ನು ಮಾತ್ರ ಕೂಗಿದನಂತೆ. ಹುಡುಗಿಯ ಸ್ವಂತದ್ದಾದ ಒಂದು ಜರ್ಸಿ ಕಡಸು ಮಾತ್ರ ಮಾರಾಟಕ್ಕೆ ಸೇರದೆ ಉಳಿದು, ಅವಳ ಸೋದರಮಾವನ ಹಟ್ಟಿಗೆ ಹೋಯಿತು. ರೈತಮಕ್ಕಳ ನಾಯಕಿ ಎನಿಸಿಕೊಂಡವಳ ಮನೆಯಲ್ಲಿಯೇ ಕೊಟ್ಟಿಗೆ ಬರಿದು. ಬೀಳ್ಕೊಡುಗೆಯ ಭಾಷಣದಲ್ಲಿ ಇದನ್ನು ಹೇಳಬೇಕೆ ಬಾರದೆ ಎಂಬುದೇ ಅವಳನ್ನು ದಾರಿಯುದ್ದಕ್ಕೂ ಕೊರೆಯುತ್ತಿದ್ದ ಚಿಂತೆ. ಎರಡು ಭಾಷಣ ಬರೆದಿಟ್ಟುಕೊಂಡಿದ್ದಳು; ಒಂದರಲ್ಲಿ ಕೊಟ್ಟಿಗೆಯ ಮಾತು ಇತ್ತು, ಇನ್ನೊಂದರಲ್ಲಿ ಇರಲಿಲ್ಲ. "ಮನೆಯ ದುಃಖವನ್ನು ಸಭೆಗೆ ಒಯ್ಯಬೇಡ" ಎಂಬುದು ತಾಯಿಯ ಮಾತು. ತಂದೆಯಂತೂ ಸಭೆಗೇ ಬರುವುದಿಲ್ಲವೆಂದು ಹೇಳಿಬಿಟ್ಟಿದ್ದರು: "ನಾನೀಗ ರೈತನಲ್ಲ, ಅಲ್ಲಿ ನನಗೇನು ಕೆಲಸ?"

ಕೂನ್ ವ್ಯಾಲಿಯಿಂದ ಮ್ಯಾಡಿಸನ್ನಿಗೆ ನೂರು ಮೈಲಿಗೆ ಸ್ವಲ್ಪ ಮೇಲು. ಹಿಂದಿನ ಹಿಮಯುಗಗಳಲ್ಲಿ ಸುತ್ತಣ ಸೀಮೆಯನ್ನೆಲ್ಲ ಮಟ್ಟಸ ಮಾಡಿದ ಹಿಮದ ಹಾಸುಗಳು ಈ ಭಾಗವನ್ನು ಮುಟ್ಟದೆ ಹೋದುದರಿಂದ, ಇಲ್ಲಿ ಮಾತ್ರ ಕಡಿದಾದ ಗುಡ್ಡಗಳೂ ಆಳವಾದ ಕಣಿವೆಗಳೂ ಉಳಿದಿವೆ. ನಮಗೆ ಮಲೆನಾಡಿನ ಅಂಚಿನ ನೆನಪು ಬಂದಿತು. ಗುಡ್ಡದ ಓರೆಯಲ್ಲಿ ಹಸುರು ಸೀರೆಯ ಪಟ್ಟೆಗಳಂತೆ ಬೆಳೆಗಳು ಬಾಗಿ ಬಾಗಿ ಸುತ್ತಿದ್ದುವು. ಒಂದು ಪಟ್ಟೆ ಮುಸುಕಿನ ಜೋಳ, ಅದರ ಕೆಳಗೆ ಒಂದು ಪಟ್ಟೆ ಓಟ್ಸ್, ಅದರ ಕೆಳಗೆ ನಾವು ಕುದುರೆಮಸಾಲೆ ಎನ್ನುವ ಮೇವಿನ ಸೊಪ್ಪು. ಚೆಲುವಿಗಾಗಿ ಮಾಡಿದುದಲ್ಲ ಇದು. ಹಿಂದೆ ಒಕ್ಕಲಿಗರು ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ನೇರವಾಗಿ ಉಳುತ್ತಿದ್ದರು. ಕಾಡಿನೊಳಗೂ ದನ ಮೇಯಿಸುತ್ತಿದ್ದರು. ಮಳೆ ಬಂದಾಗಲೆಲ್ಲ ಮಣ್ಣು ಕೊಚ್ಚಿ ಕೊರಕಲು ಬಿದ್ದು, ಕೆಳಗಿನ ಹಳ್ಳಿಗಳ ಮೇಲೆ ಹೂಳು ಕೂರುತ್ತಿತ್ತು. 1933ರಲ್ಲಿ ಸರ್ಕಾರವು ಇದೇ ಕೂನ್ ವ್ಯಾಲಿಯನ್ನು ಆರಿಸಿಕೊಂಡು, ಒಂದು ಹಳ್ಳದ ಜಲಾನಯನ ಸೀಮೆಯನ್ನು ಇಡಿಯಾಗಿ ತಿದ್ದುವ ಕೆಲಸವನ್ನು ಆ ದೇಶದಲ್ಲಿ ಮೊಟ್ಟಮೊದಲಿಗೆ ಆರಂಭಿಸಿತು. ಕೆಲಸವಿಲ್ಲದೆ ಅಲೆಯುತ್ತಿದ್ದ ತರುಣರ ಪಡೆಗಳು ಬಂದು ಕೊರಕಲು ಕಟ್ಟಿದುವು, ಗಿಡ ನೆಟ್ಟುವು. ನೂರಾರು ಒಕ್ಕಲುಗಳು ನೇಗಿಲಿನ ದಿಕ್ಕನ್ನೇ ಬದಲಾಯಿಸಿ, ಗುಡ್ಡದ ಮಟ್ಟಕ್ಕೆ ಸರಿಯಾಗಿ ಅಡ್ಡ ಉಳತೊಡಗಿದುವು. ಹುಡುಗಿಯ ಮುತ್ತಜ್ಜನೂ ಅವರಲ್ಲೊಬ್ಬ. "ಮಣ್ಣನ್ನು ಉಳಿಸಿಕೊಂಡೆವು ತಾತ, ಹಸುಗಳನ್ನು ಉಳಿಸಿಕೊಳ್ಳಲಾರದೆ ಹೋದೆವು" ಎಂದಳು. ನಾವು ಮಾತಾಡಲಿಲ್ಲ.

ದಾರಿಯಲ್ಲಿ ಅಮಿಷ್ ಪಂಗಡದವರ ಕುದುರೆಗಾಡಿಗಳು ಎದುರಾದುವು. ಇವರು ವಿದ್ಯುಚ್ಛಕ್ತಿಯನ್ನೂ ಮೋಟಾರನ್ನೂ ಮನೆಗೆ ಸೇರಿಸದೆ ಬಾಳುವ ಜನ. ಈ ಸೀಮೆಯಲ್ಲಿ ದುಂಡಗೆ ಕಟ್ಟಿದ ಕೊಟ್ಟಿಗೆಗಳು ಹಲವು ಉಂಟು. ಮೇವು ತುಂಬುವ ಕಣಜವು ನಡುವೆ, ಹಸುಗಳು ಸುತ್ತ, ಎಲ್ಲವುಗಳ ಮುಖವೂ ಒಳಕ್ಕೆ. ಮೇವು ಹಾಕುವವನು ಒಂದೇ ಕಡೆ ನಿಂತು ಸುತ್ತ ಹಂಚಬಹುದು. ಇವುಗಳಲ್ಲಿ ಬಹುಭಾಗವನ್ನು ಕಟ್ಟಿದವನು ಆಲ್ಗಿ ಶಿವರ್ಸ್ ಎಂಬ ಕರಿಯ ಬಡಗಿ.

ನಮ್ಮ ವೃತ್ತಿ ತಿಳಿದು ಹುಡುಗಿಯು ಕೇಳಿದಳು: "ತಾತ, ನಿಮ್ಮ ದೇಶದಲ್ಲಿ ಓದದ ಹುಡುಗನಿಗೆ ಮೇಷ್ಟ್ರು ಏನೆಂದು ಬೈಯುವರು?" ಬೈಗುಳ ಹಲವಿವೆ, ಆದರೆ ಎಲ್ಲ ಶಾಲೆಗಳಲ್ಲಿಯೂ ಎಲ್ಲ ತಂದೆತಾಯಿಗಳ ಬಾಯಲ್ಲಿಯೂ ಇರತಕ್ಕದ್ದು ಒಂದೇ: "ಓದದಿದ್ದರೆ ದನ ಕಾಯಲು ಹೋಗು." ಅದನ್ನೇ ಅನುವಾದಿಸಿ ಹೇಳಿದೆವು. ನಗುವಳೆಂದುಕೊಂಡಿದ್ದೆವು, ನಗಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, "ನಮ್ಮಲ್ಲಿ ದನ ಕಾಯಬೇಕಾದರೆ ಚೆನ್ನಾಗಿ ಓದಬೇಕು" ಎಂದಳು. ನಮಗೆ ರಘುವಂಶದ ಎರಡನೆಯ ಸರ್ಗ ನೆನಪಾಯಿತು. ದಿಲೀಪ ಚಕ್ರವರ್ತಿಯು ರಾಜಚಿಹ್ನೆಗಳನ್ನು ತೆಗೆದಿಟ್ಟು, ವಸಿಷ್ಠರ ಹಸು ನಂದಿನಿಯ ಬೆನ್ನ ಹಿಂದೆ ಇಪ್ಪತ್ತೊಂದು ದಿನ ಕಾಡಿನಲ್ಲಿ ಅಲೆದನು. ಅದು ನಿಂತರೆ ನಿಂತನು, ಕುಳಿತರೆ ಕುಳಿತನು. ಈ ಸರ್ಗವನ್ನು ನಾವು ವರ್ಷವರ್ಷವೂ ಪಾಠ ಹೇಳುತ್ತಿದ್ದಾಗ, ಪಕ್ಕದ ತರಗತಿಯಿಂದ "ದನ ಕಾಯಲು ಹೋಗು" ಎಂಬ ಗದರಿಕೆಯೂ ಗೋಡೆ ದಾಟಿ ಕೇಳಿಬರುತ್ತಿತ್ತು.

ನಮ್ಮವರಿಗೆ ಈ ವಿಚಾರ ಹೊಳೆಯಲೇ ಇಲ್ಲವೆನ್ನಬಾರದು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದೇಶದ ಮಹನೀಯರು 1913ರಲ್ಲಿಯೇ ಹೆಬ್ಬಾಳದಲ್ಲಿ ಬೇಸಾಯದ ಶಾಲೆಯನ್ನು ತೆರೆದರು. ಅಮೇರಿಕಾದ ಶಾಸನಕ್ಕಿಂತ ನಾಲ್ಕು ವರ್ಷ ಮೊದಲು. 1927ರಲ್ಲಿ ಗಾಂಧೀಜಿಯವರೇ ಬೆಂಗಳೂರಿನ ಸರ್ಕಾರೀ ಡೈರಿ ಸಂಸ್ಥೆಗೆ ಹೋಗಿ ವಿದ್ಯಾರ್ಥಿಯಂತೆ ಗೋಪಾಲನೆಯ ಪಾಠ ಕೇಳಿದರು. ಆದರೆ ನಮ್ಮಲ್ಲಿ ಬೇಸಾಯದ ಶಾಲೆ ಒಂದು ಕಡೆ, ಓದಿನ ಶಾಲೆ ಇನ್ನೊಂದು ಕಡೆ ಆಗಿ ಉಳಿದುವು. ರೈತನ ಮಗನು ಓದಿನ ಶಾಲೆಯ ಬಾಗಿಲಲ್ಲಿ ಹೊಲದ ಕೆಸರನ್ನು ತೊಳೆದುಕೊಂಡೇ ಒಳಕ್ಕೆ ಬರಬೇಕು, ಮತ್ತೆ ಮೆಟ್ಟಬಾರದು ಎಂಬ ನಿಯಮವಿದ್ದಂತಾಯಿತು.

ಸ್ಪ್ರಿಂಗ್ ಗ್ರೀನ್ ಎಂಬಲ್ಲಿ ಫ್ರಾಂಕ್ ಲಾಯಿಡ್ ರೈಟ್ ಎಂಬ ಹೆಸರಾಂತ ವಾಸ್ತುಶಿಲ್ಪಿಯ ಮನೆ ಇದೆ, ನಿಲ್ಲಲು ಹೊತ್ತಿರಲಿಲ್ಲ. ಅದಕ್ಕಿಂತ ನಮ್ಮನ್ನು ಹಿಡಿದು ನಿಲ್ಲಿಸಿದುದು ಮುಂದಿನ ಒಂದು ಸಣ್ಣ ಊರಿನ ಹಲಗೆ. ಊರಿನ ಹೆಸರು ಬ್ಲ್ಯಾಕ್ ಅರ್ತ್, ಎಂದರೆ ಕರಿಮಣ್ಣು. ಕರ್ನಾಟಕವೆಂಬ ಮಾತಿಗೂ ಕರಿಮಣ್ಣಿನ ನಾಡೆಂದೇ ಅರ್ಥ ಹೇಳುವ ವಿದ್ವಾಂಸರುಂಟು. ಹುಡುಗಿಗೆ ಇದನ್ನು ಹೇಳಿದಾಗ ಅವಳು ಮೋಟಾರನ್ನು ನಿಲ್ಲಿಸಿ, ಇಳಿದು, ದಾರಿಯಂಚಿನ ಮಣ್ಣನ್ನು ಒಂದು ಹಿಡಿ ತೆಗೆದು ನಮ್ಮ ಕೈಗೆ ಕೊಟ್ಟಳು. ಆ ವರ್ಷ ಮೇ ಜೂನ್ ತಿಂಗಳಲ್ಲಿ ಮಳೆ ಕೈಕೊಟ್ಟಿತ್ತು. ಮಣ್ಣು ಒಣಗಿ ಪುಡಿಯಾಗಿತ್ತು. ಜೋಳದ ಎಳೆಯ ಎಲೆಗಳು ಮಧ್ಯಾಹ್ನದ ಬಿಸಿಲಿಗೆ ಸುರುಳಿ ಸುತ್ತಿಕೊಂಡಿದ್ದುವು.

ಮ್ಯಾಡಿಸನ್ ಪಟ್ಟಣವು ಮೆಂಡೋಟ, ಮನೋನ ಎಂಬ ಎರಡು ದೊಡ್ಡ ಸರೋವರಗಳ ನಡುವಣ ಕಿರಿದಾದ ನೆಲದ ಮೇಲೆ ಕಟ್ಟಿದ್ದು. ನೆತ್ತಿಯಲ್ಲಿ ಸಂಸ್ಥಾನದ ವಿಧಾನಮಂದಿರ. 1906ರಿಂದ 1917ರ ವರೆಗೆ ಕಟ್ಟಿದುದು. 284 ಅಡಿ ಎತ್ತರದ ಕಟ್ಟಡ, ಬಿಳಿಯ ಗ್ರಾನೈಟ್ ಕಲ್ಲಿನ ಗುಮ್ಮಟ. ತುದಿಯಲ್ಲಿ ಚಿನ್ನದ ಮುಲಾಮಿನ ಸ್ತ್ರೀಮೂರ್ತಿ. ಅವಳ ಕಿರೀಟದ ಮೇಲೆ ಬಿಲ ತೋಡುವ ಬ್ಯಾಜರ್ ಎಂಬ ಪ್ರಾಣಿ ಕುಳಿತಿರುವುದು. ಆ ಪ್ರಾಣಿಗೆ ದೊರೆತ ಈ ಪದವಿಯನ್ನು ಕಂಡು ನಮ್ಮ ಮನೆಯವರು ಬಹಳ ಹೊತ್ತು ನಕ್ಕರು.

ವಿಶ್ವವಿದ್ಯಾಲಯದ ಗುಡ್ಡದ ಮೇಲೆ ನಾವು ಕಂಡ ಒಂದು ವಸ್ತುವನ್ನು ಹೇಳದೆ ಇರಲಾರೆವು. ಹುಲ್ಲಿನ ನಡುವೆ ರೆಕ್ಕೆ ಚಾಚಿದ ಹಕ್ಕಿಯ ಆಕಾರದ ಮಣ್ಣಿನ ದಿಬ್ಬ. ಸಾವಿರ ವರ್ಷಗಳ ಹಿಂದೆ ಅಲ್ಲಿನ ಮೂಲನಿವಾಸಿಗಳು ಎತ್ತಿ ಕಟ್ಟಿದುದು. ನಮ್ಮ ಶ್ರೌತಯಜ್ಞಗಳಲ್ಲಿ ಗಿಡುಗನ ಆಕಾರದಲ್ಲಿ ಇಟ್ಟಿಗೆ ಜೋಡಿಸುವ ಶ್ಯೇನಚಿತಿಯನ್ನು ಬಲ್ಲ ಕಣ್ಣಿಗೆ ಅದು ಅಪರಿಚಿತವೆನಿಸಲಿಲ್ಲ. ಎರಡಕ್ಕೂ ಸಂಬಂಧ ಕಲ್ಪಿಸುವ ಹುಚ್ಚು ನಮಗಿಲ್ಲ. ಈ ನೆಲ ಹೋ-ಚಂಕ್ ಜನರದು. 1832ರಲ್ಲಿಯೂ 1837ರಲ್ಲಿಯೂ ಒಪ್ಪಂದಗಳ ಹೆಸರಿನಲ್ಲಿ ಅವರ ಭೂಮಿಯನ್ನು ಕಿತ್ತುಕೊಂಡು ಪಶ್ಚಿಮಕ್ಕೆ ಅಟ್ಟಿದರು. ಮತ್ತೆ ಮತ್ತೆ ಅಟ್ಟಿದರೂ ಅವರಲ್ಲಿ ಎಷ್ಟೋ ಮಂದಿ ನಡೆದುಕೊಂಡೇ ಹಿಂದಿರುಗಿದರು. ರೈತರ ಗುಣಗಾನವನ್ನು ಕೇಳಲು ಬಂದವರು ಉಳುವ ನೆಲ ಯಾರದಾಗಿತ್ತೆಂಬುದನ್ನೂ ಕೇಳಿಕೊಳ್ಳಬೇಕು.

ಒಂದು ಮಧ್ಯಾಹ್ನ ಹುಡುಗಿಗೆ ಬಿಡುವಾಯಿತು. ನೇರವಾಗಿ ಬ್ಯಾಬ್‌ಕಾಕ್ ಭವನಕ್ಕೆ ಕರೆದೊಯ್ದಳು. ವಿಶ್ವವಿದ್ಯಾಲಯದವರೇ ನಡೆಸುವ ಹಾಲಿನ ಕಾರ್ಖಾನೆ ಅದು; ಅಲ್ಲಿನ ಐಸ್‌ಕ್ರೀಮಿಗೆ ಊರೇ ಸಾಲು ನಿಲ್ಲುವುದು. ಸ್ಟೀಫನ್ ಬ್ಯಾಬ್‌ಕಾಕ್ ಎಂಬವರು ಇಲ್ಲಿ ರಸಾಯನಶಾಸ್ತ್ರದ ಪಂಡಿತರಾಗಿದ್ದರು. ಅಂದು ರೈತರಿಗೆ ಹಾಲಿನ ತೂಕಕ್ಕೆ ಬೆಲೆ ಕೊಡುತ್ತಿದ್ದರು. ನೀರು ಬೆರೆಸಿದವನಿಗೆ ಲಾಭ, ಬೆರೆಸದವನಿಗೆ ನಷ್ಟ. 1890ರಲ್ಲಿ ಬ್ಯಾಬ್‌ಕಾಕರು ಒಂದು ಪರೀಕ್ಷೆ ಕಂಡುಹಿಡಿದರು. ಸಣ್ಣ ಕತ್ತಿನ ಸೀಸೆಯಲ್ಲಿ ಅಳತೆಯ ಹಾಲಿಗೆ ಗಂಧಕಾಮ್ಲ ಹಾಕಿದರೆ ಜಿಡ್ಡೊಂದನ್ನು ಬಿಟ್ಟು ಉಳಿದುದೆಲ್ಲ ಕರಗುವುದು. ಸೀಸೆಯನ್ನು ರಭಸದಿಂದ ತಿರುಗಿಸಿ ಬಿಸಿನೀರು ತುಂಬಿದರೆ ಜಿಡ್ಡು ಮೇಲೇರಿ ಕತ್ತಿನಲ್ಲಿ ನಿಲ್ಲುವುದು. ಕತ್ತಿನ ಮೇಲಿನ ಗೆರೆ ಓದಿ ಬೆಲೆ ಕಟ್ಟಬಹುದು. ಅವರು ಇದಕ್ಕೆ ಹಕ್ಕುಪತ್ರ ಪಡೆಯದೆ ಲೋಕಕ್ಕೆ ಉಚಿತವಾಗಿ ಬಿಟ್ಟುಕೊಟ್ಟರು. ನಮ್ಮ ಹಳ್ಳಿಯ ಹಾಲಿನ ಡೈರಿಯ ಮುಂದೆ ಬೆಳಗಾಗೆದ್ದು ಕ್ಯಾನು ಹಿಡಿದು ನಿಲ್ಲುವ ಹೆಂಗಸರು "ಈವತ್ತು ಫ್ಯಾಟು ಎಷ್ಟು ಬಂತು?" ಎಂದು ಕೇಳುವರಲ್ಲ, ಜಿಡ್ಡು ನೋಡಿ ಬೆಲೆ ಕಟ್ಟುವ ಆ ಪದ್ಧತಿಯ ಹಿಂದೆ ಇಂತಹ ಪಂಡಿತರ ದುಡಿಮೆ ಇರುವುದು. ನಮ್ಮ ಡೈರಿಯ ಹೆಸರೂ ನಂದಿನಿ ಎಂದಾಗ ಹುಡುಗಿಗೆ ದಿಲೀಪನ ಕಥೆಯನ್ನು ಮತ್ತೊಮ್ಮೆ ಹೇಳಬೇಕಾಯಿತು.

ಐಸ್‌ಕ್ರೀಮು ಕರಗುತ್ತಿರಲು ಅವಳು ಭಾಷಣದ ಮಾತನ್ನು ಮತ್ತೆ ಎತ್ತಿದಳು. ನಾವು ಹೇಳಿದುದು ಇಷ್ಟೆ: "ಕೊಟ್ಟಿಗೆ ನಿನ್ನ ತಂದೆಯವರದು. ಅವರನ್ನು ಕೇಳು; ಅವರು ಬೇಡವೆಂದರೆ ಬೇಡ." ಆ ರಾತ್ರಿ ಟೆಲಿಫೋನಿನಲ್ಲಿ ಕೇಳಿದಳಂತೆ. ಬಹಳ ಹೊತ್ತು ಸುಮ್ಮನಿದ್ದು, "ಹಾಲು ಕರೆದವರಲ್ಲಿ ನೀನೂ ಒಬ್ಬಳಲ್ಲವೆ?" ಎಂದರಂತೆ. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಸಭೆ ನೆರೆದುದು ಅಲಯಂಟ್ ಎನರ್ಜಿ ಸೆಂಟರ್ ಎಂಬ ವಿಸ್ತಾರವಾದ ಭವನದಲ್ಲಿ. ನೋಡಿದತ್ತೆಲ್ಲ ನೀಲಿ ಅಂಗಿ. ಕಾರ್ಡುರಾಯ್ ಎಂಬ ದಪ್ಪ ಬಟ್ಟೆಯ ಈ ಅಂಗಿಯು 1933ರಿಂದ ಸಂಘದ ಸಮವಸ್ತ್ರ. ಎದೆಯ ಮೇಲೆ ಹೆಸರು, ಬೆನ್ನ ಮೇಲೆ ಸಂಸ್ಥಾನದ ಮತ್ತು ಊರಿನ ಹೆಸರು, ಹೊಂಬಣ್ಣದ ದಾರದಲ್ಲಿ. ಜೂನಿನ ಸೆಕೆಯಲ್ಲಿಯೂ ಅದರ ಜಿಪ್ಪನ್ನು ಕತ್ತಿನ ವರೆಗೆ ಎಳೆದೇ ಇರಬೇಕು. ಉಡುಪಿನಲ್ಲಿ ಬಡವ ಬಲ್ಲಿದ ಭೇದವಿಲ್ಲ. ಆದರೆ ಈ ಸಂಘವೂ ಭೇದವನ್ನು ಅರಿಯದುದಲ್ಲ. ದಕ್ಷಿಣದ ಸಂಸ್ಥಾನಗಳಲ್ಲಿ ಕರಿಯರ ಶಾಲೆಗಳು ಬೇರೆಯಾಗಿದ್ದಾಗ ಅವರ ಹುಡುಗರ ಸಂಘವೂ ಬೇರೆಯಾಗಿತ್ತು. 1965ರಲ್ಲಿ ಎರಡೂ ಒಂದಾದುವು. ಹುಡುಗಿಯರಿಗೆ ಪ್ರವೇಶ ದೊರೆತುದು 1969ರಲ್ಲಿ. ಈಗ ಹೆಚ್ಚು ಕಡಮೆ ಅರ್ಧದಷ್ಟು ಅವರೇ.

ಸಭಾರಂಭದ ವಿಧಿಯನ್ನು ನೋಡಿ ನಮಗೆ ಯಾಗಶಾಲೆಯಲ್ಲಿ ಋತ್ವಿಜರು ತಂತಮ್ಮ ಸ್ಥಾನದಲ್ಲಿ ಕುಳಿತುದು ನೆನಪಾಯಿತು. ಅಧ್ಯಕ್ಷನ ಬಳಿ ಉದಯಿಸುವ ಸೂರ್ಯನ ಚಿತ್ರ, ಉಪಾಧ್ಯಕ್ಷನ ಬಳಿ ನೇಗಿಲು, ಕಾರ್ಯದರ್ಶಿಯ ಬಳಿ ಜೋಳದ ತೆನೆ. ಕೋಶಾಧಿಕಾರಿಯ ಬಳಿ ವಾಷಿಂಗ್‌ಟನ್ನರ ಮೂರ್ತಿ, ಏಕೆಂದರೆ ಅವರೂ ರೈತರೇ, ಲೆಕ್ಕ ಇಡುವುದರಲ್ಲಿ ಗಟ್ಟಿಗರು. ಬಾಗಿಲಲ್ಲಿ ಕೈಕುಲುಕುವ ಚಿಹ್ನೆಯ ದ್ವಾರಪಾಲಕ. ಉಪಾಧ್ಯಕ್ಷನು ಒಬ್ಬೊಬ್ಬರನ್ನೂ ಕರೆದು ಅವರ ಸ್ಥಾನದ ಅರ್ಥವನ್ನು ಕೇಳುವನು. ಅವರು ಎದ್ದು ಉತ್ತರ ಹೇಳುವರು. ಉಪಾಧ್ಯಾಯರ ಸ್ಥಾನದಲ್ಲಿ ಏನಿತ್ತು ಬಲ್ಲಿರಾ? ಗೂಬೆ! ನಮ್ಮ ಮನೆಯವರು ನಮ್ಮ ಮುಖ ನೋಡಿದರು. ಅಲ್ಲಿ ಗೂಬೆ ಜ್ಞಾನದ ಗುರುತು. ನಮ್ಮಲ್ಲಿ ಆ ಪದದಿಂದ ಕರೆಸಿಕೊಳ್ಳುವುದು ಯಾರಿಗೂ ಇಷ್ಟವಿಲ್ಲವಾದರೂ, ವೈಶೇಷಿಕ ದರ್ಶನಕ್ಕೆ ಔಲೂಕ್ಯದರ್ಶನ ಎಂಬ ಹೆಸರಿರುವುದನ್ನು ಮರೆಯಬಾರದು. ಅದನ್ನು ರಚಿಸಿದ ಋಷಿಗೆ ಉಲೂಕನೆಂಬ ಹೆಸರಿತ್ತು. ಅವನ ಇನ್ನೊಂದು ಹೆಸರು ಕಣಾದ, ಕಾಳುಗಳನ್ನು ಆಯ್ದು ತಿಂದು ಬದುಕಿದವನು. ಗೂಬೆಯೂ ಕಾಳೂ ಒಬ್ಬನೇ ಮೇಷ್ಟ್ರಲ್ಲಿ ಕೂಡಿದ್ದು ನಮ್ಮ ದೇಶದಲ್ಲಿಯೇ ಮೊದಲು ಎಂದು ಸಮಾಧಾನ ಹೇಳಿದೆವು.

ಎಳೆಯ ಹುಡುಗರು ಸಂಘದ ಪ್ರತಿಜ್ಞಾವಾಕ್ಯವನ್ನು ಕಂಠಪಾಠ ಒಪ್ಪಿಸುವ ಸ್ಪರ್ಧೆಯೂ ಇತ್ತು. ಅದನ್ನು ಬರೆದವರು ಈ ವಿಸ್ಕಾನ್ಸಿನ್ನಿನವರೇ ಆದ ಟಿಫನಿ ಎಂಬ ಉಪಾಧ್ಯಾಯರು. ಸಂಘವು ಅಂಗೀಕರಿಸಿದುದು 1930ರಲ್ಲಿ. ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರ ಪಟ್ಟಿಯೊಂದುಂಟು; ಅವಸರಪಡುವವನೂ ತಲೆಯಲ್ಲಾಡಿಸುವವನೂ ಅದರಲ್ಲಿ ಸೇರಿರುವರು. ಆ ಇಬ್ಬರೂ ಅಲ್ಲಿ ಹಾಜರಿದ್ದರು. ಆದರೂ ಹದಿನಾಲ್ಕು ವರ್ಷದ ಹುಡುಗನೊಬ್ಬನು ಬೇಸಾಯದಲ್ಲಿ ತನಗಿರುವ ನಂಬಿಕೆಯನ್ನು ಸಾವಿರ ಜನರ ಮುಂದೆ ಗಟ್ಟಿಯಾಗಿ ಹೇಳುವುದನ್ನು ನಾವು ಮೊದಲ ಸಲ ಕೇಳಿದುದು.

ನಮ್ಮ ಹುಡುಗಿಯ ಸರದಿ ಬಂದಿತು. ವೇದಿಕೆಯ ಮೇಲೆ ಅವಳು ಬಹಳ ಸಣ್ಣವಳಾಗಿ ಕಂಡಳು. ಮೊದಲಿಗೆ ವರ್ಷದ ಪ್ರವಾಸದ ಹಾಸ್ಯಪ್ರಸಂಗಗಳನ್ನು ಹೇಳಿ ನಗಿಸಿದಳು. ಆಮೇಲೆ ಮಾರ್ಚಿ ತಿಂಗಳಿಗೆ ಬಂದಳು. ಹರಾಜಿನ ದಿನ ಕೊನೆಯ ಲಾರಿ ಹೋದ ಮೇಲೆ, ಸಂಜೆ ಐದೂವರೆಗೆ, ಎಂದಿನಂತೆ ತಂದೆ ರಬ್ಬರಿನ ಬೂಟು ಮೆಟ್ಟಿಕೊಂಡು ಕೊಟ್ಟಿಗೆಗೆ ಹೋದರು. ಹಿಂದೆಯೇ ಇವಳೂ ಹೋದಳು. ಅವರು ಹಾಲು ಕರೆಯುವ ಯಂತ್ರದ ಕೊಳವೆಗಳಿಗೆಲ್ಲ ಬಿಸಿನೀರು ಬಿಟ್ಟು ತೊಳೆದರು. ಹಾಲಿನ ತೊಟ್ಟಿಯನ್ನು ಉಜ್ಜಿದರು. ಐವತ್ತೆರಡು ಗೂಟಗಳ ಮುಂದೆ ಮೇವಿನ ಚೂರನ್ನು ಗುಡಿಸಿದರು. "ಯಾರಿಗಾಗಿ ಅಪ್ಪಾ?" ಎಂದು ಇವಳು ಕೇಳಲಿಲ್ಲ, ಇನ್ನೊಂದು ಪೊರಕೆ ತೆಗೆದುಕೊಂಡಳು. ಕೆಲಸ ಮುಗಿದ ಮೇಲೆ ಅವರು ದೀಪ ಆರಿಸಿದರು.

ಇಷ್ಟು ಹೇಳಿ, ಯಾರ ಯಾರ ಮನೆಯಲ್ಲಿ ಹೀಗೆ ದೀಪ ಆರಿದೆಯೋ ಅವರು ಎದ್ದು ನಿಲ್ಲಬೇಕೆಂದು ಕೇಳಿದಳು. ಸ್ವಲ್ಪ ಹೊತ್ತು ಯಾರೂ ಏಳಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗ ಎದ್ದನು. ಬಲಕ್ಕೆ ಇಬ್ಬರು ಅಕ್ಕತಂಗಿಯರು. ಬರಬರುತ್ತಾ ಭವನದ ಎಲ್ಲ ಮೂಲೆಗಳಲ್ಲಿಯೂ ಕುರ್ಚಿಗಳ ಸದ್ದಾಯಿತು. ನೀಲಿ ಅಂಗಿಗಳು ಗುಂಪುಗುಂಪಾಗಿ ಎದ್ದುವು. ಹಲವರು ಉಪಾಧ್ಯಾಯರೂ ಎದ್ದರು. ನಾವು ಹಿಂದಿರುಗಿ ನೋಡಿದೆವು. ದ್ವಾರಪಾಲಕನ ಪಕ್ಕದಲ್ಲಿ, ಗೋಡೆಗೆ ಒರಗಿ, ಟೋಪಿಯನ್ನು ಕೈಯಲ್ಲಿ ಹಿಡಿದು ಹುಡುಗಿಯ ತಂದೆ ನಿಂತಿದ್ದರು. ಯಾವಾಗ ಬಂದರೋ ಕಾಣೆವು. ಮೊದಲೇ ನಿಂತಿದ್ದವರಾದುದರಿಂದ ಅವರು ಏಳಬೇಕಾಗಲಿಲ್ಲ.

ಅವಳು ಆ ಮೇಲೆ ಉಪದೇಶವನ್ನೇನೂ ಹೇಳಲಿಲ್ಲ. ತಾನು ಸೆಪ್ಟೆಂಬರಿನಲ್ಲಿ ರಿವರ್ ಫಾಲ್ಸ್ ಎಂಬಲ್ಲಿನ ವಿಶ್ವವಿದ್ಯಾಲಯಕ್ಕೆ ಸೇರಿ ಬೇಸಾಯದ ಉಪಾಧ್ಯಾಯಿನಿಯಾಗಲು ಓದುವೆನೆಂದೂ, ಜರ್ಸಿ ಕಡಸು ಶರತ್ಕಾಲಕ್ಕೆ ಕರು ಹಾಕುವುದೆಂದೂ ಹೇಳಿ ಮುಗಿಸಿದಳು. ಮಾನಪತ್ರಗಳೂ ನೀಲಿ ಅಂಗಿಗಳೂ ಹಾಲಿನ ಬೆಲೆಯನ್ನು ಏರಿಸಲಾರವೆಂಬುದು ನಮಗೆ ತಿಳಿಯದೆ ಇಲ್ಲ. ಎದ್ದು ನಿಂತ ಆ ಮಕ್ಕಳಲ್ಲಿ ಎಷ್ಟು ಮಂದಿ ಮತ್ತೆ ಹಸು ಕಟ್ಟುವರೋ, ಹೇಳುವವರಾರು? ಆದರೆ ಹಸು ಹೋದುದಕ್ಕೆ ನಾಚಿ ತಲೆ ತಗ್ಗಿಸಬೇಕಾದ ಮಕ್ಕಳು ತಲೆಯೆತ್ತಿ ನಿಂತರು. ಆ ಧೈರ್ಯ ಅವರಿಗೆ ಬಂದುದು ಶಾಲೆಯಿಂದ. ಉಪಾಧ್ಯಾಯ ವೃತ್ತಿಯಲ್ಲಿ ಬಾಳು ಕಳೆದ ನಮಗೆ ಗುಮ್ಮಟ ಸರೋವರಗಳಿಗಿಂತ ಇದೇ ದೊಡ್ಡ ನೋಟವಾಗಿ ತೋರಿತು. ಹೊಸಬರಿಗೆ ಅಧಿಕಾರ ಒಪ್ಪಿಸಿದ ಮೇಲೆ ಹಳೆಯ ಅಧಿಕಾರಿಗಳು ತಮ್ಮ ಅಂಗಿಯ ಜಿಪ್ಪನ್ನು ಕೊನೆಯ ಬಾರಿಗೆ ಇಳಿಸಿದರು. ನಮ್ಮ ಹುಡುಗಿಯದು ನಡುವೆ ಸಿಕ್ಕಿಕೊಂಡಿತು. ಪಕ್ಕದವಳು ಎಳೆದು ಬಿಡಿಸಿದಳು.

ಶನಿವಾರ ಬೆಳಗ್ಗೆ ವಿಧಾನಮಂದಿರದ ಸುತ್ತ ಸಂತೆ. 1972ರಿಂದ ನಡೆದುಬಂದಿರುವ ಈ ಸಂತೆಯಲ್ಲಿ ಬೆಳೆದವನೇ ಬಂದು ಮಾರಬೇಕು, ದಲ್ಲಾಳಿಗೆ ಸ್ಥಳವಿಲ್ಲ. ಜನರೆಲ್ಲ ಚೌಕವನ್ನು ಎಡಕ್ಕೆ, ಎಂದರೆ ಅಪ್ರದಕ್ಷಿಣವಾಗಿ ಸುತ್ತುವರು. ಅದೇ ಅಲ್ಲಿನ ವಾಡಿಕೆ. ಗುಡಿಯಲ್ಲವಾದುದರಿಂದ ನಾವೂ ಹಾಗೆಯೇ ಸುತ್ತಿದೆವು. ಲಾವೋಸ್ ದೇಶದ ಯುದ್ಧದಿಂದ ನೆಲೆತಪ್ಪಿ ಬಂದ ಹ್ಮಾಂಗ್ ಜನರು ರಾಶಿರಾಶಿ ಕೊತ್ತಂಬರಿ ಸೊಪ್ಪು ಮಾರುತ್ತಿದ್ದರು. ನಮ್ಮ ಮನೆಯವರು ಅಲ್ಲಿಯೇ ನೆಲೆ ನಿಂತುಬಿಟ್ಟರು. ಸಾಮಾನು ಒಯ್ಯಲು ಲಾರಿ ತಂದಿದ್ದ ಹುಡುಗಿಯ ತಂದೆಯೂ ನಮ್ಮೊಡನೆ ಇದ್ದರು. ಒಂದು ಚೀಸಿನ ಅಂಗಡಿಯ ಮುಂದೆ ಆಗತಾನೆ ಒಡೆದ ಹಾಲಿನ ಗಟ್ಟಿಯನ್ನು ರುಚಿಗೆ ಕೊಟ್ಟರು. ಹೊಸದಾದರೆ ಅದು ಹಲ್ಲಿನ ನಡುವೆ ಕಿರ್ ಎನ್ನಬೇಕು, ಎಂದಿತು. ಅವರು ಎರಡನೆಯ ತುಂಡನ್ನು ಬಾಯಿಗೆ ಹಾಕಿಕೊಂಡು, "ಎಷ್ಟು ಹಸು ಕಟ್ಟಿದ್ದೀರಿ?" ಎಂದು ಅಂಗಡಿಯವನನ್ನು ಕೇಳಿದರು. "ನಲವತ್ತು" ಎಂದನು. ಯಾವ ತಳಿ, ಯಾವ ಮೇವು, ಈ ಬರದಲ್ಲಿ ಕುದುರೆಮಸಾಲೆಯ ಮೊದಲ ಕೊಯ್ಲು ಎಷ್ಟು ಬಂದಿತು ಎಂದು ಮಾತು ಬೆಳೆಯಿತು. ಹುಡುಗಿಯು ನಮ್ಮ ಕಡೆ ನೋಡಿ, ಹೊತ್ತಾಗುವುದೆಂದು ಕಣ್ಣಿನಲ್ಲಿಯೇ ಹೇಳಿ, ಅಲ್ಲಿಯೇ ಕಲ್ಲಿನ ಕಟ್ಟೆಯ ಮೇಲೆ ಕುಳಿತಳು. ನಾವೂ ಕುಳಿತೆವು. ಅವರ ಮಾತು ಮುಗಿಯುವ ಹೊತ್ತಿಗೆ ಸಂತೆ ಕರಗುತ್ತಾ ಬಂದಿತ್ತು.